ಕ್ಯಾಂಪ್ ಬೆಂಗಳೂರಲ್ಲಿ, ಮ್ಯಾಚ್ ಯಾಕೆ ಇಲ್ಲ?

ಹರ್ಮನ್‌ಪ್ರೀತ್ ಸಿಂಗ್‌ಗೆ ಹಾಕಿ ಇಂಡಿಯಾ ಲೀಗಿನ ಹರಾಜಿನಲ್ಲಿ ಸೂರ್ಮಾ ತಂಡ 78 ಲಕ್ಷ ರೂಪಾಯಿ ಕೊಟ್ಟದ್ದು ಜಾಸ್ತಿ ಆಯ್ತು ಅಂತ ನನ್ನ ಗೆಳೆಯರು ಈಗಲೂ ವಾದ ಮಾಡುತ್ತಾರೆ. ನಾನು ಒಪ್ಪುವುದಿಲ್ಲ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 10 ಗೋಲು ಹೊಡೆದ ಆಟಗಾರ ಅವರು. ಪೆನಾಲ್ಟಿ ಕಾರ್ನರ್‌ನಲ್ಲಿ ಚೆಂಡನ್ನು ಸ್ಟಿಕ್‌ನಿಂದ ಎಳೆದು ಗೋಲಿಗೆ ಚಿಮ್ಮಿಸುವ ಒಳ್ಳೆಯ ಡ್ರ್ಯಾಗ್‌ಫ್ಲಿಕರ್ ಇದ್ದಾನೆ ಅಂದರೆ ಫಾರ್ವರ್ಡ್‌ಗಳ ಆಟವೇ ಬದಲಾಗುತ್ತದೆ. ಗೋಲಿನ ಮುಂದಿನ ಸರ್ಕಲ್ ಒಳಗೆ ನುಗ್ಗಿ ಗೋಲೇ ಹೊಡೆಯಬೇಕು ಅಂತಿಲ್ಲ, ಡಿಫೆಂಡರ್ ಕಾಲಿಗೆ ಚೆಂಡು ತಾಗಿದರೂ ಸಾಕು, ಪೆನಾಲ್ಟಿ ಕಾರ್ನರ್ ಸಿಕ್ಕಿತು, ಗೋಲು ಹೊಡೆಯುವ ಕೆಲಸ ಅವನದು.

ಸೂರ್ಮಾ ಫೈನಲ್ ತಲುಪಲಿಲ್ಲ, ಅದು ನಿಜ. ಆದರೆ 2025ರ ಫೆಬ್ರುವರಿಯಲ್ಲಿ ಕಪ್ ಗೆದ್ದ ಬಂಗಾಳ ಟೈಗರ್ಸ್ ತಂಡವನ್ನೇ ನೋಡಿ. ಹೈದರಾಬಾದ್ ತೂಫಾನ್ಸ್ ವಿರುದ್ಧ 4-3. ಅದರಲ್ಲಿ ಮೂರು ಗೋಲು ಜುಗರಾಜ್ ಸಿಂಗ್ ಅವರದು. ಹರಾಜಿನಲ್ಲಿ 48 ಲಕ್ಷಕ್ಕೆ ಸಿಕ್ಕ ಡ್ರ್ಯಾಗ್‌ಫ್ಲಿಕರ್! ಒಂದು ತಂಡಕ್ಕೆ ಇದ್ದದ್ದು 4 ಕೋಟಿ, ಅದರಲ್ಲಿ 24 ಆಟಗಾರರು ಬೇಕು. ಆ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ಖರೀದಿ ನನಗೆ ಕಾಣುವುದಿಲ್ಲ.

ಆದರೆ ಆ ಫೈನಲ್ ನಡೆದದ್ದು ಎಲ್ಲಿ? ಕೋಲ್ಕತ್ತಾದಲ್ಲೂ ಅಲ್ಲ, ಹೈದರಾಬಾದಿನಲ್ಲೂ ಅಲ್ಲ. ಒಡಿಶಾದ ರೂರ್ಕೆಲಾದಲ್ಲಿ. ಆ ಸೀಸನ್ನಿನ ಬಹುತೇಕ ಗಂಡಸರ ಪಂದ್ಯಗಳು ಅಲ್ಲೇ ನಡೆದವು. ಅಲ್ಲಿಯ ಬಿರ್ಸಾ ಮುಂಡಾ ಸ್ಟೇಡಿಯಂ ಬಗ್ಗೆ ನನ್ನದು ಒಂದು ದೂರೂ ಇಲ್ಲ. 2023ರ ವಿಶ್ವಕಪ್‌ಗೆ ಅಂತ ಕಟ್ಟಿದ್ದು, 20 ಸಾವಿರಕ್ಕೂ ಹೆಚ್ಚು ಸೀಟು. ಸುಂದರಗಢದ ಹಳ್ಳಿಗಳಿಂದ ಬಂದು ಜನ ಅದನ್ನು ತುಂಬಿಸುತ್ತಾರೆ. ಒಡಿಶಾ ಸರ್ಕಾರ 2018ರಿಂದ ಹಾಕಿಯನ್ನು ಹೊತ್ತು ನಡೆದಿದೆ, ಅದಕ್ಕೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ. ಆದರೂ ತಂಡದ ಹೆಸರಿನಲ್ಲಿ ಊರು ಇದ್ದ ಮೇಲೆ ಆ ಊರಿನ ಜನ ಮ್ಯಾಚಿಗೆ ಹೋಗುವ ಹಾಗಿರಬೇಕು, ಅಲ್ವಾ?

ನಮಗಂತೂ ತಂಡವೇ ಇಲ್ಲ. ಆ ಸೀಸನ್ನಿನ ಗಂಡಸರ ಎಂಟು ತಂಡಗಳಲ್ಲಿ ಕರ್ನಾಟಕದ ಹೆಸರಿಲ್ಲ. 2013ರಿಂದ 2017ರವರೆಗೆ ನಡೆದ ಹಳೇ ಲೀಗಿನಲ್ಲೂ ಇರಲಿಲ್ಲ. ಆಗ ನಮ್ಮ ರಘುನಾಥ್ ಉತ್ತರ ಪ್ರದೇಶದ ತಂಡಕ್ಕೆ ಆಡಿದರು, ಸೋಮವಾರಪೇಟೆಯ ಎಸ್.ವಿ. ಸುನಿಲ್ ಪಂಜಾಬ್ ವಾರಿಯರ್ಸ್‌ಗೆ ಆಡಿದರು. ನಾನೂ ಸೋಮವಾರಪೇಟೆ ಕಡೆಯವನೇ. ಸುನಿಲ್ ಬಲಗಡೆಯಿಂದ ಚೆಂಡು ಹಿಡಿದು ಓಡುವಾಗ ಟಿವಿ ಮುಂದೆ ಎದ್ದು ನಿಲ್ಲುತ್ತಿದ್ದೆವು. ಆದರೆ ಲೀಗ್ ಬಂದಾಗ ಪಂಜಾಬ್ ಗೆಲ್ಲಲಿ ಅಂತ ಕೂಗಬೇಕಿತ್ತು!

ಇದರಲ್ಲಿ ನನಗೆ ಅತಿ ಹೆಚ್ಚು ನೋವು ಕೊಡುವ ಸಂಗತಿ ಇನ್ನೊಂದಿದೆ. ಭಾರತ ತಂಡದ ಕ್ಯಾಂಪ್ ವರ್ಷದಲ್ಲಿ ಬಹುಪಾಲು ನಡೆಯುವುದು ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲಿ. ಗೋಲ್‌ಕೀಪರ್ ಶ್ರೀಜೇಶ್ ಡೈವ್ ಹೊಡೆದು ಹೊಡೆದು ಮೈ ಹಣ್ಣು ಮಾಡಿಕೊಂಡದ್ದು ಇಲ್ಲಿಯ ಟರ್ಫ್ ಮೇಲೆ. ಶಾಂತಿನಗರದಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಹೆಸರಿನ ಸ್ಟೇಡಿಯಂ ಇದೆ. ಅಲ್ಲಿ ಸೇನೆಯ ತಂಡಗಳು, ಬ್ಯಾಂಕ್ ತಂಡಗಳು ಆಡುವುದನ್ನು ನೋಡಲು ನಾನು ಈಗಲೂ ಹೋಗುತ್ತೇನೆ. ಗ್ಯಾಲರಿ ಅರ್ಧವೂ ತುಂಬಿರುವುದಿಲ್ಲ. ಕೊಡಗಿನಲ್ಲಿ ಬೇರೆಯೇ ಕಥೆ: 2024ರಲ್ಲಿ ನಾಪೋಕ್ಲಿನಲ್ಲಿ ನಡೆದ ಕೊಡವ ಕುಟುಂಬಗಳ ಹಾಕಿ ಟೂರ್ನಿ ಕುಂಡ್ಯೋಳಂಡ ಕಪ್‌ಗೆ 360 ಕುಟುಂಬಗಳು ತಂಡ ಕಟ್ಟಿದ್ದವು. ಆಡುವವರಿಗೂ ನೋಡುವವರಿಗೂ ಬರ ಇರಲಿಲ್ಲ. ಇಂಥ ರಾಜ್ಯಕ್ಕೆ ಒಂದು ತಂಡ ಕೊಳ್ಳುವ ಕಂಪನಿ ಸಿಗುವುದಿಲ್ಲ ಅಂದರೆ ನಾನು ನಂಬುವುದಿಲ್ಲ.

ಇನ್ನು ಜೆರ್ಸಿ ನಂಬರ್ ವಿಷಯ. ಶ್ರೀಜೇಶ್ ಅವರ 16ನ್ನು 2024ರ ಆಗಸ್ಟ್‌ನಲ್ಲಿ ನಿವೃತ್ತಿ ಮಾಡಿದರು, ಅಂದರೆ ಸೀನಿಯರ್ ತಂಡದಲ್ಲಿ ಇನ್ನು ಯಾರಿಗೂ ಆ ನಂಬರ್ ಇಲ್ಲ. ಅಕ್ಟೋಬರ್‌ನಲ್ಲಿ ಮಹಿಳಾ ತಂಡದ ಮಾಜಿ ನಾಯಕಿ ರಾಣಿ ರಾಂಪಾಲ್ ಅವರ 28ನ್ನು. ಎರಡೂ ಸರಿ. ಪ್ಯಾರಿಸ್ ಕ್ವಾರ್ಟರ್‌ಫೈನಲ್‌ನಲ್ಲಿ ಅಮಿತ್ ರೋಹಿದಾಸ್ ರೆಡ್ ಕಾರ್ಡ್ ಪಡೆದು ಹೊರಗೆ ಹೋದ ಮೇಲೆ ಹತ್ತೇ ಜನ ಬ್ರಿಟನ್‌ ಅನ್ನು 1-1ಕ್ಕೆ ಹಿಡಿದು ನಿಲ್ಲಿಸಿ, ಶೂಟೌಟ್‌ನಲ್ಲಿ 4-2ರಿಂದ ಗೆದ್ದರಲ್ಲ, ಆ ದಿನ ಗೋಲಿನಲ್ಲಿದ್ದ 16ನ್ನು ಇನ್ನೊಬ್ಬರ ಬೆನ್ನ ಮೇಲೆ ನೋಡಲು ನನಗೂ ಮನಸ್ಸಿಲ್ಲ. ಆದರೆ ನನಗೆ ಅದಕ್ಕಿಂತ ಇಷ್ಟವಾದದ್ದು ಜೂನಿಯರ್ ತಂಡದಲ್ಲಿ 16 ಉಳಿಸಿಕೊಂಡದ್ದು. ಯಾರೋ ಒಬ್ಬ ಹುಡುಗ ಅದನ್ನು ಹಾಕಿಕೊಂಡು ಗೋಲಿಗೆ ನಿಲ್ಲಬಹುದು.

ಅದಕ್ಕೇ, ನಾಳೆ ಕರ್ನಾಟಕಕ್ಕೆ ತಂಡ ಬಂದರೆ ಸುನಿಲ್ ಹಾಕುತ್ತಿದ್ದ 24ನ್ನು ನಿವೃತ್ತಿ ಮಾಡಬೇಡಿ. ಕೊಡಗಿನ ಯಾವುದಾದರೂ ಫಾರ್ವರ್ಡ್ ಹುಡುಗನಿಗೆ ಕೊಡಿ. ಹರಾಜಿನಲ್ಲಿ ಮೊದಲ ದುಡ್ಡು ಡ್ರ್ಯಾಗ್‌ಫ್ಲಿಕರ್‌ಗೆ, ಎರಡನೆಯದು ಗೋಲ್‌ಕೀಪರ್‌ಗೆ. ಮ್ಯಾಚ್ ಶಾಂತಿನಗರದಲ್ಲೇ ಇಡಿ. ಟಿಕೆಟ್ ನಾನು ಕೊಳ್ಳುತ್ತೇನೆ, ಸೋಮವಾರಪೇಟೆಯಿಂದ ಬಸ್ ತುಂಬ ಜನರನ್ನೂ ಕರೆತರುತ್ತೇನೆ.