13ನೇ ಶತಮಾನದ ಮಾದರಿಯ ಖಡ್ಗದ ಒರೆ: ಹೊದಿಕೆ ಮುಗಿದು ನಡುಪಟ್ಟಿಯ ಹಂತ

13ನೇ ಶತಮಾನದ ಜರ್ಮನ್ ನಾಡಿನ ಯೋಧರು ಸೊಂಟಕ್ಕೆ ಕಟ್ಟುತ್ತಿದ್ದ ಬಗೆಯ ಒರೆಯೊಂದನ್ನು ಮಾಡುವ ನನ್ನ ಕೆಲಸ ಈಗ ಚರ್ಮದ ಹೊದಿಕೆಯನ್ನು ದಾಟಿ ನಡುಪಟ್ಟಿಗೆ ಬಂದು ನಿಂತಿದೆ. ಜರ್ಮನಿಯ ನೌಮ್‌ಬುರ್ಗ್ ಕೆಥೆಡ್ರಲ್‌ನಲ್ಲಿ 1250ರ ಸುಮಾರಿಗೆ ಕಡೆದ ದಾನಿಗಳ ಕಲ್ಲಿನ ಪ್ರತಿಮೆಗಳೇ ಇದಕ್ಕೆ ಮುಖ್ಯ ಆಧಾರ. ವಿಯೆನ್ನಾದಲ್ಲಿರುವ, ಪವಿತ್ರ ರೋಮನ್ ಸಾಮ್ರಾಟರ ಖಡ್ಗದ ಒರೆಯ ಮೇಲೆ 14 ಅರಸರ ಚಿತ್ರವುಳ್ಳ ಚಿನ್ನದ ತಗಡುಗಳಿವೆ. ಅದು ಪಟ್ಟಾಭಿಷೇಕದ ವೈಭವಕ್ಕೆ ಸೇರಿದ ವಸ್ತು. ನನ್ನ ಆಸಕ್ತಿ ಇರುವುದು ಮಳೆ, ಬೆವರು, ಕುದುರೆಯ ಓಟಗಳನ್ನು ತಾಳಿಕೊಂಡು, ಬೇಕಾದ ಗಳಿಗೆಯಲ್ಲಿ ಅಲಗನ್ನು ತಡೆಯಿಲ್ಲದೆ ಬಿಟ್ಟುಕೊಡಬೇಕಾಗಿದ್ದ ದಿನಬಳಕೆಯ ಒರೆಯಲ್ಲಿ.

ಒಳಗಿನ ಗೂಡಿಗೆ ಸುಮಾರು 3 ಮಿಲಿಮೀಟರ್ ದಪ್ಪದ ಎರಡು ಪಾಪ್ಲರ್ ಮರದ ಪಟ್ಟಿಗಳನ್ನು ಆರಿಸಿಕೊಂಡಿದ್ದೇನೆ. ಓಕ್ ಮರ ಗಟ್ಟಿಯಾದರೂ ಅದರ ಒಗರು ಆಮ್ಲ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಒಳಮೈಗೆ ಗಿಡ್ಡಗೆ ಕತ್ತರಿಸಿದ ಕುರಿಯ ತುಪ್ಪಟವನ್ನು, ಕೂದಲು ಮೊನೆಯ ಕಡೆಗೆ ಬಾಗುವಂತೆ ಅಂಟಿಸಿದೆ. ಇಂಗ್ಲೆಂಡಿನ ಆಂಗ್ಲೋ-ಸ್ಯಾಕ್ಸನ್ ಕಾಲದ ಸಮಾಧಿಗಳಲ್ಲಿ ಸಿಕ್ಕ ಒರೆಗಳಲ್ಲಿಯೂ ಇಂತಹ ತುಪ್ಪಟದ ಕುರುಹುಗಳಿವೆ. ಉಣ್ಣೆಯ ಸಹಜ ಜಿಡ್ಡು ಅಲಗನ್ನು ಕಾಯುತ್ತದೆ, ಅದರ ಮೆತ್ತನೆಯ ಒತ್ತಡ ಖಡ್ಗವನ್ನು ಅಲುಗಾಡದಂತೆ ಹಿಡಿದಿಡುತ್ತದೆ. ಪಟ್ಟಿಗಳೆರಡನ್ನೂ ಸರೇಸಿನಿಂದ ಕೂಡಿಸಿ, ಸರೇಸಿನಲ್ಲಿಯೇ ಅದ್ದಿದ ಲಿನನ್ ಬಟ್ಟೆಯನ್ನು ಬಿಗಿಯಾಗಿ ಸುತ್ತಿದ ಮೇಲೆ, ಕೈಯಲ್ಲಿ ಬಳುಕುತ್ತಿದ್ದ ಆ ತೆಳು ಮರಕ್ಕೆ ಬಂದ ಬಿಗುವು ನಿಜಕ್ಕೂ ಮೆಚ್ಚುವಂಥದ್ದು.

ಆ ಬಿಗುವು ಏಕೆ ಬೇಕೆಂಬುದಕ್ಕೆ 15ನೇ ಶತಮಾನದ ಆರಂಭದಲ್ಲಿ ಬರೆದ ಇಟಲಿಯ ಖಡ್ಗಗುರು ಫಿಯೋರೆ ದೇಯಿ ಲಿಬೆರಿಯ ಪಾಠದಲ್ಲಿ ಉತ್ತರವಿದೆ. ಕಠಾರಿ ಹಿಡಿದು ಮೇಲೆ ಬೀಳುವವನ ತೋಳನ್ನು ಒರೆಯಲ್ಲೇ ಇರುವ ಖಡ್ಗದಿಂದ ತಡೆದು, ಆಮೇಲೆ ಅಲಗನ್ನು ಹಿರಿಯುವ ವರಸೆಯನ್ನು ಆತ ಕಲಿಸುತ್ತಾನೆ. ಕಾಲ ನನ್ನ ಮಾದರಿಗಿಂತ ಈಚಿನದಾದರೂ, ಒರೆಯನ್ನು ಆಯುಧದ ಅಂಗವಾಗಿಯೇ ಕಾಣಬೇಕೆಂಬ ನನ್ನ ನಂಬಿಕೆಯನ್ನು ಅದು ಗಟ್ಟಿಗೊಳಿಸಿದೆ.

ಹೊದಿಕೆಗೆ ಕರುವಿನ ಚರ್ಮ. ಲಂಡನ್‌ನಲ್ಲಿ ಥೇಮ್ಸ್ ದಡದ ಉತ್ಖನನಗಳಲ್ಲಿ ದೊರೆತ ಮಧ್ಯಯುಗದ ಒರೆಗಳಲ್ಲಿ ಹೆಚ್ಚಿನವು ಅದರವೇ. ಮರದ ತೊಗಟೆಯಿಂದ ಹದಮಾಡಿದ ಚರ್ಮವನ್ನು ನೀರಿನಲ್ಲಿ ನೆನೆಸಿ, ಎಳೆದು ಸುತ್ತಿ, ಹಸಿಯಾಗಿರುವಾಗಲೇ ಹಿಂಬದಿಯ ನಡುಗೆರೆಯಲ್ಲಿ ಹೊಲಿಯಬೇಕು. ಎರಡು ಅಂಚುಗಳು ಒಂದರ ಮೇಲೊಂದು ಏರದೆ ಎದುರುಬದುರಾಗಿ ಕೂಡಬೇಕಾದ್ದರಿಂದ, ಮೇಣ ತಿಕ್ಕಿದ ಲಿನನ್ ನೂಲಿನ ಸೂಜಿಯು ಮೇಲ್ಮೈಯಿಂದ ಇಳಿದು ಅಂಚಿನ ದಪ್ಪದೊಳಗಿಂದ ಹೊರಬರುತ್ತದೆ. ಒಣಗುತ್ತಾ ಚರ್ಮ ಕುಗ್ಗಿ ಮರವನ್ನು ಅಪ್ಪಿಕೊಂಡಿತು; ಲಿನನ್‌ನ ಅಂಚು ಕೂಡ ಈಗ ಮೇಲೆ ಮೂಡಿ ಕಾಣುತ್ತದೆ.

ಈಗಿನ ನಡುಪಟ್ಟಿಯ ಕೆಲಸವೇ ಎಲ್ಲಕ್ಕಿಂತ ಸೂಕ್ಷ್ಮವಾದುದು. ಪಟಿಕದಿಂದ ಹದಮಾಡಿದ ಬಿಳಿಯ ಚರ್ಮದ ಎರಡು ಪಟ್ಟಿಗಳಲ್ಲಿ ಒಂದನ್ನು ಒರೆಯ ಬಾಯಿಯ ಹತ್ತಿರ, ಇನ್ನೊಂದನ್ನು ಅದಕ್ಕಿಂತ ಗೇಣು ಕೆಳಗೆ ಸುತ್ತಿ, ತುದಿಗಳನ್ನು ಸೀಳಿ, ಸೀಳುಗಳನ್ನು ಒಂದರೊಳಗೊಂದು ಹೆಣೆಯುತ್ತಿದ್ದೇನೆ. ಮೇಲಿನದು ಹೊಟ್ಟೆಯ ಮುಂದಿನಿಂದ, ಕೆಳಗಿನದು ಬೆನ್ನಿನ ಕಡೆಯಿಂದ ಬರುವುದರಿಂದ ಮೊನೆ ಹಿಂದಕ್ಕೂ ಹಿಡಿ ಮುಂದಕ್ಕೂ ವಾಲುತ್ತದೆ: ನಡೆಯುವಾಗ ಒರೆ ಕಾಲಿಗೆ ತೊಡರುವುದಿಲ್ಲ, ಬಲಗೈ ನೇರವಾಗಿ ಹಿಡಿಗೆ ಹೋಗುತ್ತದೆ. ಸೊಂಟಕ್ಕೆ ಕಟ್ಟಲು ಬಕಲ್ ಇಲ್ಲ, ನಡುಪಟ್ಟಿಯ ಒಂದು ತುದಿಯ ಎರಡು ಬಾಲಗಳು ಇನ್ನೊಂದರ ಎರಡು ಸೀಳುಗಳಲ್ಲಿ ತೂರಿ ಗಂಟಾಗುತ್ತವೆ. ಕೆಳಗಿನ ಸುತ್ತನ್ನು ಎರಡು ಬೆರಳಷ್ಟು ಸರಿಸಿದರೂ ವಾಲುವ ಕೋನ ಬದಲಾಗುತ್ತದೆ. ಆದ್ದರಿಂದ ಕೈಗವಸು ತೊಟ್ಟು, ದಪ್ಪನೆಯ ಹತ್ತಿ ತುಂಬಿದ ಅಂಗಿಯ ಮೇಲೆ ಕಟ್ಟಿಕೊಂಡು ಖಡ್ಗವನ್ನು ಹಿರಿದು ನೋಡಿದ ನಂತರವೇ ಹೆಣಿಗೆಯನ್ನು ಬಿಗಿ ಮಾಡುತ್ತೇನೆ. ಬಳಿಕ ಉಳಿಯುವುದು ಮೊನೆಗೆ ಹಿತ್ತಾಳೆಯ ಟೊಪ್ಪಿಗೆ ಮತ್ತು ಬಾಯಿಗೆ ಮಳೆನೀರು ಇಳಿಯದಂತೆ ತಡೆಯುವ ಚರ್ಮದ ಮುಚ್ಚಳ.