230ರಲ್ಲಿ ಕೂತ ಗೋಪುರ

ಕೊನೆಗೂ ಲೆಕ್ಕ ಹೊಂದಿತು! ತಮ್ಮನ ಸ್ವೆಟರ್‌ಗೆ ಸುತ್ತಲೂ 230 ಸ್ಟಿಚ್, ಅಂದರೆ ಸೂಜಿಯ ಮೇಲಿನ ಕುಣಿಕೆ. ಎದೆಯ ಸುತ್ತ ಕಸೂತಿ ಗೋಪುರಗಳ ಸಾಲು ಬರಬೇಕು, ಅದೂ ಕೆಂಪು-ಬಿಳಿ ಎರಡೆಳೆ ಹೆಣಿಗೆಯಲ್ಲಿ. ಸ್ಟಿಚ್ ಅಳತೆ ಗೊತ್ತಾಗಲಿ ಅಂತ ಮೊದಲು ಸ್ಯಾಂಪಲ್ ತುಂಡು ಹೆಣೆದು, ತೊಳೆದು, ಒಣಗಿಸಿದೆ. ನನ್ನದರಲ್ಲಿ 10 ಸೆಂ.ಮೀ.ಗೆ 24 ಸ್ಟಿಚ್, 28 ಸಾಲು ಬಂತು.

ತಮ್ಮನ ಎದೆ ಸುತ್ತಳತೆ 90 ಸೆಂ.ಮೀ. ಬೆಳಗಾವಿ ಚಳಿಗೆ ಒಳಗೊಂದು ದಪ್ಪ ಅಂಗಿ ಬೇಕೇ ಬೇಕು. ಅದಕ್ಕೆ 6 ಸೆಂ.ಮೀ. ಸಡಿಲ ಬಿಟ್ಟೆ. 96 ಅಂದ್ರೆ ಸುಮಾರು 230 ಸ್ಟಿಚ್. ಇಲ್ಲಿವರೆಗೆ ಸುಲಭ. ತಲೆನೋವು ಶುರುವಾಗಿದ್ದು ಗೋಪುರದಿಂದ.

ಅವ್ವನ ಇಳಕಲ್ ಸೀರೆಯ ಸೆರಗಿನಿಂದ ಎತ್ತಿಕೊಂಡ ಗೋಪುರ 23 ಮನೆ ಅಗಲ; ಒಂದು ಮನೆಗೆ ಒಂದು ಸ್ಟಿಚ್. ಸಂದು 1 ಸೇರಿಸಿದರೆ 24. ಹತ್ತು ಗೋಪುರಕ್ಕೆ 240, ಅಂದರೆ 100 ಸೆಂ.ಮೀ. ತಮ್ಮ ಅದರೊಳಗೆ ಜೋಳದ ಚೀಲದ ಹಾಗೆ ಕಾಣುತ್ತಾನೆ. ಒಂಬತ್ತಕ್ಕೆ 216, ಅಂದರೆ ಬರೀ 90, ಮೈಗೆ ಅಂಟುತ್ತದೆ. ಸಂದನ್ನು 3ಕ್ಕೆ ಹಿಗ್ಗಿಸಿದರೆ ಒಂಬತ್ತು ಗೋಪುರಕ್ಕೆ 234, ಅಳತೆ ಸರಿ. ಆದರೆ ಒಂಬತ್ತು ಬೆಸ ಅಲ್ವಾ? ಎದೆಯ ನಟ್ಟನಡುವೆ ಗೋಪುರ ನಿಲ್ಲಿಸಿದರೆ ಬೆನ್ನಿನ ನಡುವೆ ಸಂದು ಬರುತ್ತದೆ. ಬಗಲಲ್ಲಿ ಗೋಪುರ ಸೀಳಿಹೋಗುತ್ತದೆ. ಇದು ನನಗೆ ಸುತಾರಾಂ ಒಪ್ಪಿಗೆಯಿಲ್ಲ.

ಹತ್ತೇ ಬೇಕು ಅಂತ ಹಟ ಹಿಡಿದು ಗೋಪುರವನ್ನೇ 21ಕ್ಕೆ ಇಳಿಸಿದೆ, ಸಂದು 2 ಮಾಡಿದೆ. 23 ಹತ್ತಲಿ 230! ಮುಂದೆ 115, ಹಿಂದೆ 115. ಎರಡೂ ಕಡೆ ಐದೈದು ಗೋಪುರ, ಮೂರನೆಯದು ನಟ್ಟನಡುವೆ. ಬಗಲಿನ ಗೆರೆ ಸಂದಿನ ಎರಡು ಸ್ಟಿಚ್ ಮಧ್ಯೆ ಹಾದುಹೋಗುತ್ತದೆ. ಎಂಥ ಖುಷಿ!

ಇನ್ನು ಎತ್ತರ. ಕಸೂತಿಯಲ್ಲಿ ಎಳೆ ಎಣಿಸಿ ಹಾಕುವುದರಿಂದ ಮನೆ ಚೌಕ. ಹೆಣಿಗೆಯ ಸ್ಟಿಚ್ ಹಾಗಲ್ಲ, ಅಗಲ ಜಾಸ್ತಿ. ಸ್ಯಾಂಪಲ್ ನೋಡಿ ಅವ್ವ, "ಗುಡಿ ಯಾಕ ಹಿಂಗ ಕುಗ್ಗೇತಿ?" ಅಂತ ಕೇಳಿದಳು. ಗೋಪುರದ ಎತ್ತರದ 22 ಸಾಲನ್ನು 28ರಿಂದ ಗುಣಿಸಿ 24ರಿಂದ ಭಾಗಿಸಿದರೆ ಹತ್ತಿರ ಹತ್ತಿರ 26. ನಾಲ್ಕು ಸಾಲು ಎಲ್ಲಿ ತುರುಕುವುದು? ಪ್ರತಿ ಮೆಟ್ಟಿಲು ಎರಡು ಸಾಲು. ಕೆಲವನ್ನಷ್ಟೇ ಮೂರು ಮಾಡಿದರೆ ಇಳಿಜಾರು ಸೊಟ್ಟಗಾಗುತ್ತದೆ. ಬುಡಕ್ಕೆ ಎರಡು, ಕಳಸಕ್ಕೆ ಎರಡು ಕೊಟ್ಟೆ. ಮೆಟ್ಟಿಲು ಮುಟ್ಟಲಿಲ್ಲ. ಗುಡಿ ಎದ್ದು ನಿಂತಿತು.

ಕೆಳಗಿನ ಅಂಚಿನ ಹಿಗ್ಗುವ ಪಟ್ಟಿ, ಅಂದರೆ ರಿಬ್‌ಗೆ ಹತ್ತು ಪರ್ಸೆಂಟ್ ಕಡಿಮೆ ಮಾಡಿ 208 ಹಿಡಿದೆ. ರಿಬ್ ಮುಗಿದ ಮೇಲೆ 230 ಆಗಲು 22 ಹೆಚ್ಚಿಸಬೇಕು. ಅರ್ಧ ಸುತ್ತಿಗೆ 104 ಸ್ಟಿಚ್, 11 ಹೆಚ್ಚಳ. ಒಂಬತ್ತಕ್ಕೊಂದು, ಹತ್ತಕ್ಕೊಂದು ಅಂತ ಬದಲಿಸುತ್ತಾ ಒಂಬತ್ತರಲ್ಲೇ ಮುಗಿಸಿದರೆ ಸರಿಹೋಗುತ್ತದೆ.

ಉಲ್ಲನ್ ಮಾರುವವರ ಮೇಲೆ ಮಾತ್ರ ಸಿಟ್ಟು. ಲೇಬಲ್ ಕಿತ್ತು ಬಿಡಿ ಉಂಡೆ ಕೊಡುತ್ತಾರೆ. ಲಾಟ್ ನಂಬರ್, ಅಂದರೆ ಒಂದೇ ಸಲ ಬಣ್ಣ ಹಾಕಿದ ಉಂಡೆಗಳ ಗುರುತು, ಕೇಳಿದರೆ "ಎಲ್ಲಾ ಒಂದ ಕೆಂಪ ರೀ" ಅನ್ನುತ್ತಾರೆ. ಬಿಸಿಲಿಗೆ ಹಿಡಿದರೆ ಎರಡು ಕೆಂಪು! ಮೈಗೆ ಒಂದು ಕೆಂಪು, ರಿಬ್‌ಗೆಲ್ಲ ಇನ್ನೊಂದು ಅಂತ ಬೇರೆ ಇಟ್ಟೆ. ಹೆಣೆಯುವವರಿಗೆ ಲಾಟ್ ನಂಬರ್ ಎಷ್ಟು ಮುಖ್ಯ ಅಂತ ಅಂಗಡಿಯವರಿಗೆ ಯಾರಾದರೂ ಹೇಳಬೇಕು.

ತೋಳು ಇನ್ನೂ ಶುರು ಮಾಡಿಲ್ಲ. ಆದರೆ ಮನಸ್ಸು ಆಗಲೇ ಟೋಪಿಗೆ ಓಡಿದೆ. ಕಸೂತಿಯ ಮುರ್ಗಿ ಹೊಲಿಗೆಯ ಅಂಕುಡೊಂಕು ಗೆರೆ, ಎಂಟು ಸ್ಟಿಚ್‌ಗೆ ಒಂದು ಸಲ. ತಲೆ 54 ಸೆಂ.ಮೀ. ಟೋಪಿ ಬಿಗಿಯಾಗಿ ಕೂರಬೇಕು, 50 ಸಾಕು. 120 ಸ್ಟಿಚ್, ಹದಿನೈದು ಅಂಕುಡೊಂಕು. ನೆತ್ತಿಯತ್ತ ಸ್ಟಿಚ್ ಕಡಿಮೆ ಮಾಡುತ್ತಾ ಇಳಿಸುವುದಕ್ಕೂ ಎಂಟು ಸಮ ಭಾಗ ಸರಿಯಾಗಿ ಸಿಗುತ್ತದೆ. ಇಳಿಸುವಾಗ ಮುರ್ಗಿಯನ್ನು ಎಲ್ಲಿ ನಿಲ್ಲಿಸಬೇಕು ಅನ್ನುವುದೊಂದೇ ಬಾಕಿ.