ಕೇಳದೇ ಬಿಟ್ಟ ಒಂದು ಪ್ರಶ್ನೆ

ಇಂಗ್ಲೆಂಡಿನಲ್ಲಿ ಸರ್ಕಾರಿ ಭತ್ಯೆಗಳಿಗೆ ಅರ್ಜಿ ಹಾಕುವವರಿಗೆ ನೆರವಾಗುವುದು ನನ್ನ ಕೆಲಸ. 2023ರ ಕೊನೆಯಲ್ಲಿ ಒಬ್ಬ ಮಹಿಳೆ ಬಂದರು. ಐವತ್ತು ದಾಟಿದ ಗಂಡನಿಗೆ ಹೃದಯ ವೈಫಲ್ಯ. ಒಂದೇ ವರ್ಷದಲ್ಲಿ ನಾಲ್ಕು ಸಲ ಆಸ್ಪತ್ರೆ ಸೇರಿ ಬಂದಿದ್ದರು. ನಾನು ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್, ಅಂದರೆ ದೀರ್ಘ ಕಾಯಿಲೆಯವರಿಗೂ ಅಂಗವಿಕಲರಿಗೂ ಸಿಗುವ ಪಿಐಪಿ ಭತ್ಯೆಯ ಉದ್ದನೆಯ ಅರ್ಜಿ ಮುಂದಿಟ್ಟುಕೊಂಡು ಎರಡು ಗಂಟೆ ಕೂತೆ. ಸ್ನಾನಕ್ಕೆ ಎಷ್ಟು ಹೊತ್ತು ಬೇಕು, ಅಡುಗೆಮನೆಯಲ್ಲಿ ನಿಲ್ಲಲು ಆಗುತ್ತದೆಯೇ, ಎಲ್ಲವನ್ನೂ ಕೇಳಿ ತುಂಬಿಸಿದೆ. ಒಂದು ಉತ್ತರವೂ ತಪ್ಪಿರಲಿಲ್ಲ. ಹಿಡಿದ ದಾರಿಯೇ ತಪ್ಪಾಗಿತ್ತು.

ಹಣ ಮಂಜೂರಾಗಲು ಐದು ತಿಂಗಳು ಹಿಡಿಯಿತು. ಆಮೇಲೆ ಬೇರೊಂದು ಕಾಗದಕ್ಕಾಗಿ ಅವರನ್ನು ನೋಡಿಕೊಳ್ಳುತ್ತಿದ್ದ ಹೃದ್ರೋಗ ವಿಭಾಗದ ನರ್ಸ್‌ಗೆ ಫೋನ್ ಮಾಡಿದೆ. "ವಿಶೇಷ ನಿಯಮದ ಅಡಿಯಲ್ಲಿ ಯಾಕೆ ಹಾಕಲಿಲ್ಲ? ಕೇಳಿದ್ದರೆ ಅದೇ ದಿನ ಎಸ್‌ಆರ್-1 ಬರೆದು ಕಳಿಸುತ್ತಿದ್ದೆ" ಎಂದರು. ಸಾವು ಹತ್ತಿರವಿರುವವರ ಅರ್ಜಿಯನ್ನು ಬೇಗ ತೀರ್ಮಾನಿಸುವ ನಿಯಮವದು. ಅದಕ್ಕಾಗಿ ರೋಗಿಯ ಸ್ಥಿತಿಯನ್ನು ವೈದ್ಯರೋ ನರ್ಸೋ ಬರೆದುಕೊಡುವ ಫಾರಂ ಎಸ್‌ಆರ್-1.

ನಾನು ಏನೋ ತೊದಲಿದೆ. ನಿಜ ಏನೆಂದರೆ, ವಿಶೇಷ ನಿಯಮ ಎಂದೊಡನೆ ನನ್ನ ತಲೆಗೆ ಬರುತ್ತಿದ್ದುದು ಕ್ಯಾನ್ಸರ್ ಒಂದೇ. ಜೊತೆಗೆ, ಎದುರು ಕೂತ ಹೆಂಡತಿಯನ್ನು "ಇನ್ನೆಷ್ಟು ದಿನ ಎಂದಿದ್ದಾರೆ?" ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅದನ್ನು ಸೌಜನ್ಯ ಎಂದುಕೊಂಡಿದ್ದೆ.

ನಿಯಮದಲ್ಲಿ ಯಾವ ಕಾಯಿಲೆಯ ಹೆಸರೂ ಇಲ್ಲ. ಕಾಯಿಲೆ ಉಲ್ಬಣಿಸುತ್ತಲೇ ಹೋಗುವಂಥದ್ದಾಗಿರಬೇಕು, ಅದರಿಂದ ಹನ್ನೆರಡು ತಿಂಗಳೊಳಗೆ ಸಾವು ಬರಬಹುದೆಂದು ನಿರೀಕ್ಷಿಸಲು ತಕ್ಕ ಕಾರಣವಿರಬೇಕು, ಅಷ್ಟೆ. 1990ರಿಂದ ಈ ಗಡುವು ಆರು ತಿಂಗಳಿತ್ತು. ಸ್ನಾಯುಗಳ ಬಲ ಕುಂದಿಸುತ್ತಾ ಹೋಗುವ ಮೋಟಾರ್ ನ್ಯೂರಾನ್ ಕಾಯಿಲೆಯಂಥವುಗಳಲ್ಲಿ ಆರು ತಿಂಗಳೆಂದು ಬರೆದುಕೊಡಲು ವೈದ್ಯರು ಹಿಂಜರಿಯುತ್ತಿದ್ದರು. ಗಡುವನ್ನು ಕಡಿಮೆ ಆದಾಯದವರ ಯೂನಿವರ್ಸಲ್ ಕ್ರೆಡಿಟ್‌ಗೆ 2022ರ ಏಪ್ರಿಲ್‌ನಲ್ಲಿ, ಪಿಐಪಿಗೆ ಮತ್ತು ವಯಸ್ಸಾದವರ ಅಟೆಂಡೆನ್ಸ್ ಅಲೋವೆನ್ಸ್‌ಗೆ 2023ರ ಏಪ್ರಿಲ್‌ನಲ್ಲಿ ಹನ್ನೆರಡು ತಿಂಗಳಿಗೆ ಏರಿಸಿದರು. ಹಳೆಯ ಡಿಎಸ್1500 ಫಾರಂ ಹೋಗಿ ಎಸ್‌ಆರ್-1 ಬಂದಿತು. ಸ್ಕಾಟ್ಲೆಂಡ್ 2018ರ ತನ್ನ ಕಾನೂನಿನಲ್ಲಿ ಗಡುವನ್ನೇ ಕಿತ್ತುಹಾಕಿ, ತೀರ್ಮಾನವನ್ನು ವೈದ್ಯರಿಗೂ ನರ್ಸ್‌ಗಳಿಗೂ ಬಿಟ್ಟಿದೆ. ನನ್ನನ್ನು ಕೇಳಿದರೆ ಅದೇ ಸರಿ.

ಈ ದಾರಿಯಲ್ಲಿ ಹೋದವರಿಗೆ ಉದ್ದನೆಯ ಅರ್ಜಿಯಿಲ್ಲ, ಸಂದರ್ಶನವಿಲ್ಲ. ಪಿಐಪಿಗೆ ಮೂರು ತಿಂಗಳು, ಅಟೆಂಡೆನ್ಸ್ ಅಲೋವೆನ್ಸ್‌ಗೆ ಆರು ತಿಂಗಳು ಕಷ್ಟಪಟ್ಟಿರಬೇಕೆಂಬ ಷರತ್ತೂ ಇಲ್ಲ. ಕಳೆದ ಮೂರು ವರ್ಷಗಳಲ್ಲಿ ಎರಡು ವರ್ಷ ಈ ದೇಶದಲ್ಲಿರಬೇಕೆಂಬ ನಿಯಮವೂ ಅನ್ವಯಿಸುವುದಿಲ್ಲ. ಪಿಐಪಿಯ ದೈನಂದಿನ ಬದುಕಿನ ಭಾಗ ಮೇಲಿನ ದರದಲ್ಲೇ ಸಿಗುತ್ತದೆ.

ಓಡಾಟದ ಭಾಗ ಮಾತ್ರ ಹಾಗೆ ತಾನಾಗಿ ಸಿಗುವುದಿಲ್ಲ. ಎಷ್ಟು ದೂರ ನಡೆಯಬಲ್ಲಿರಿ ಎಂಬುದಕ್ಕೆ ಉತ್ತರ ಕೊಡಲೇಬೇಕು. ಜೀವನವಿಡೀ ದುಡಿದವರು ಇಲ್ಲಿ ಮುಗ್ಗರಿಸುತ್ತಾರೆ. "ಹೇಗೋ ನಿಭಾಯಿಸುತ್ತೇನೆ" ಎಂದುಬಿಡುತ್ತಾರೆ. ಈಗ ಅರ್ಜಿಗಾಗಿ ಇಲಾಖೆಗೆ ಫೋನ್ ಮಾಡುವ ಮೊದಲೇ ನಾನು ಬಾಗಿಲಿನಿಂದ ರಸ್ತೆಯವರೆಗೆ ಎಷ್ಟು ಹೆಜ್ಜೆ, ನಡುವೆ ಎಷ್ಟು ಸಲ ನಿಲ್ಲುತ್ತೀರಿ ಎಂದು ಕೇಳಿ ಬರೆದುಕೊಳ್ಳುತ್ತೇನೆ.

ಕೇಳದೇ ಬಿಟ್ಟಿದ್ದ ಪ್ರಶ್ನೆಯ ಧಾಟಿಯೂ ಬದಲಾಗಿದೆ. ಎಷ್ಟು ದಿನ ಎಂದು ನಾನು ಈಗಲೂ ಕೇಳುವುದಿಲ್ಲ. ಅದು ಮನೆಯವರು ಉತ್ತರಿಸಬೇಕಾದ ಪ್ರಶ್ನೆಯೇ ಅಲ್ಲ. "ಕಾಯಿಲೆ ಬಹಳ ಮುಂದುವರಿದವರಿಗೆ ಬೇಗ ಹಣ ಸಿಗುವ ದಾರಿಯೊಂದಿದೆ. ನಿಮ್ಮ ನರ್ಸ್ ಹತ್ತಿರ ಎಸ್‌ಆರ್-1 ವಿಚಾರ ಎತ್ತಬಹುದೇ?" ಎನ್ನುತ್ತೇನೆ. ಇಲ್ಲಿನ ವೈದ್ಯರಲ್ಲಿ ಒಂದು ಪ್ರಶ್ನೆ ಬಳಕೆಯಲ್ಲಿದೆ: ಈ ರೋಗಿ ಒಂದು ವರ್ಷದೊಳಗೆ ತೀರಿಕೊಂಡರೆ ನನಗೆ ಆಶ್ಚರ್ಯವಾಗುತ್ತದೆಯೇ? ಆಗುವುದಿಲ್ಲ ಎನ್ನುವಷ್ಟು ಅವರಿಗೆ ಅನ್ನಿಸಿದರೆ ಸಾಕು, ಖಚಿತವಾಗಿ ಗೊತ್ತಿರಬೇಕಿಲ್ಲ.

ರೋಗಿಗೆ ತಿಳಿಸದೆಯೂ ಮನೆಯವರು ಅರ್ಜಿ ಹಾಕಬಹುದು. ರೋಗಿಗೆ ತನ್ನ ಸ್ಥಿತಿ ಗೊತ್ತಿದೆಯೇ ಎಂದು ಫಾರಂನಲ್ಲೇ ಕೇಳಿರುತ್ತಾರೆ. ಮೊದಲ ಸಲ ಅದನ್ನು ಓದಿದಾಗ ಪೆನ್ನು ಕೆಳಗಿಟ್ಟಿದ್ದೆ.

ಜನ ನನ್ನನ್ನು ಹೆಚ್ಚಾಗಿ ಕೇಳುವುದು ಬೇರೆಯದೇ. "ಹನ್ನೆರಡು ತಿಂಗಳು ದಾಟಿ ಬದುಕಿದರೆ ಹಣ ವಾಪಸ್ ಕೊಡಬೇಕೇ?" ಕೊಡಬೇಕಿಲ್ಲ. ಪಿಐಪಿಯನ್ನು ಇಂಥವರಿಗೆ ಸಾಮಾನ್ಯವಾಗಿ ಮೂರು ವರ್ಷಕ್ಕೆ ಕೊಡುತ್ತಾರೆ. ಆ ಮಹಿಳೆಯ ಗಂಡ ನಾನು ಅರ್ಜಿ ತುಂಬಿದ ದಿನದಿಂದ ಇಪ್ಪತ್ತು ತಿಂಗಳು ಬದುಕಿದರು. ನರ್ಸ್ ಅಂದು ಎಸ್‌ಆರ್-1 ಬರೆದಿದ್ದರೂ ಅದು ಸುಳ್ಳಾಗುತ್ತಿರಲಿಲ್ಲ. ಮೊದಲ ಐದು ತಿಂಗಳು ಆಸ್ಪತ್ರೆಯ ಟ್ಯಾಕ್ಸಿಗೆ ಆ ಮನೆಯವರು ಸಾಲ ಮಾಡಬೇಕಾಗುತ್ತಿರಲಿಲ್ಲ.